ಮೊಣಕೈ ಎತ್ತರ

ಹೋದ ತಿಂಗಳು ನಮ್ಮ ಅಡಿಗೆ ಮನೆಯ ಹಳೆಯ ಸ್ವಿಚ್ ಬೋರ್ಡನ್ನು ಗೋಡೆಯಿಂದ ಕಿತ್ತಾಗ ಅದರ ಹಿಂದೆ ಒಂದು ಇದ್ದಿಲ ಗೆರೆ ಕಾಣಿಸಿತು. ಗೇಣುದ್ದದ ಅಡ್ಡ ಗೆರೆ. ಸುತ್ತಲಿನ ಗೋಡೆಗೆ ಎಷ್ಟು ಸಲ ಸುಣ್ಣ ಬಳಿದಿದ್ದೇವೋ ಲೆಕ್ಕವಿಲ್ಲ, ಬೋರ್ಡಿನ ಮರೆಯಲ್ಲಿ ಅದು ಮಾತ್ರ ಹಾಗೇ ಉಳಿದುಕೊಂಡಿತ್ತು. ಮನೆಗೆ ಹೊಸದಾಗಿ ವೈರಿಂಗ್ ಮಾಡಲು ಆಳಂದದಿಂದ ಬಂದಿದ್ದ ಎಲೆಕ್ಟ್ರಿಶಿಯನ್ ಅದನ್ನು ಬಟ್ಟೆಯಿಂದ ಒರೆಸಲು ಹೋದ. ಬೇಡ ಅಂದೆ. ಜೋರಾಗಿಯೇ ಅಂದಿರಬೇಕು, ಪಡಸಾಲೆಯಲ್ಲಿದ್ದ ಸೊಸೆ ಓಡಿ ಬಂದಳು. ಹಳೆಯ ಸಾಗುವಾನಿ ಹಲಗೆಯ ವಾಸನೆ, ಕಾದು ಕಾದು ಕಂದಿದ ಸ್ವಿಚ್ಚಿನ ವಾಸನೆ... ನಾನು ಅಲ್ಲೇ ಜೋಳದ ಡಬ್ಬಿಯ ಮೇಲೆ ಕುಳಿತುಬಿಟ್ಟೆ.

ಇಷ್ಟು ಕೆಳಗೆ ಬೋರ್ಡು ಕೂಡಿಸಿದವರು ಯಾರು, ನಿಯಮ ಗೊತ್ತಿಲ್ಲದವರು ಯಾರೋ ಮಾಡಿರಬೇಕು ಎಂದು ಆತ ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ನಿಯಮ ಗೊತ್ತಿದ್ದೇ ಮಾಡಿದ ಕೆಲಸ ಅದು. ಬೇಕೆಂದೇ ಮಾಡಿದ್ದು. ಮಾಡಿಸಿದವಳನ್ನು ನಾನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ಈಗಲೂ ಕರೆಯುವುದಿಲ್ಲ. ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ.

ನಾನು ಜೇವರ್ಗಿ ಕಡೆಯವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಎಪ್ಪತ್ತರ ದಶಕದ ಕೊನೆಯಲ್ಲಿ ನರೋಣಾದ ಈ ಮನೆಗೆ ಸೊಸೆಯಾಗಿ ಬಂದೆ. ಮದುವೆಯಾದ ವರ್ಷವೇ ಮನೆಗೆ ಕರೆಂಟು ಬಂತು. ಆಳಂದದ ಒಬ್ಬ ಗುತ್ತಿಗೆದಾರನ ಆಳುಗಳು ಬಂದು ಪಡಸಾಲೆಗೆ, ಮಾವನವರ ಕೋಣೆಗೆ, ಕೊನೆಗೆ ದನದ ಕೊಟ್ಟಿಗೆಗೂ ಮರದ ಪಟ್ಟಿ ಹೊಡೆದು ತಂತಿ ಎಳೆದರು. ಅಡಿಗೆ ಮನೆಯ ಹೊಸ್ತಿಲಿಗೆ ಬಂದು ನಿಂತರು. ದೇವರ ಜಗುಲಿ ಅದರೊಳಗೇ ಇತ್ತು, ಹೊರಗಿನವರು ಯಾರೂ ಆ ಹೊಸ್ತಿಲು ದಾಟುವಂತಿರಲಿಲ್ಲ. ದಿನಾ ಬೆಳಿಗ್ಗೆ ಎಲ್ಲರೂ ಸಮಾನ ಎಂದು ವಚನ ಹೇಳುವ ಮನೆ ನಮ್ಮದು. ಆದರೂ ಹಾಗಿತ್ತು.

ಹೀಗಾಗಿ ಆಳುಗಳು ಗೋಡೆಗೆ ತೂತು ಕೊರೆದು ತಂತಿಯನ್ನು ಒಳಕ್ಕೆ ತಳ್ಳಿದರು. ನಮ್ಮ ಮೈದುನ ಒಳಗಿನಿಂದ ಅದನ್ನು ಹಿಡಿದು ತೊಲೆಗೆ ಹೋಲ್ಡರ್ ಕಟ್ಟಿದ. ಸ್ವಿಚ್ಚು ಮಾತ್ರ ಪಡಸಾಲೆಯಲ್ಲೇ ಉಳಿಯಿತು, ಮಾವನವರು ಕೂಡುತ್ತಿದ್ದ ಗಾದಿಯ ತಲೆಯ ಮೇಲೆ. ಅಡಿಗೆ ಮನೆಯ ದೀಪ ಹಚ್ಚುವವರೂ ಅವರೇ, ಆರಿಸುವವರೂ ಅವರೇ. ಗಂಡಸರ ಊಟ ಮುಗಿದು ಅವರು ಕೈತೊಳೆದು ಬಂದ ಕೂಡಲೇ ಮೇಲೆ ಕೈ ಚಾಚಿ ಟಕ್ ಅನ್ನಿಸುತ್ತಿದ್ದರು. ಉಣ್ಣಬೇಕಾದ ನಾವು ಹೆಂಗಸರು ಮತ್ತೆ ಚಿಮಣಿ ಹಚ್ಚಿಕೊಳ್ಳುತ್ತಿದ್ದೆವು. ಮಾವನವರು ಕೆಟ್ಟವರಲ್ಲ. ಒಳಗೆ ಇನ್ನೂ ಯಾರೋ ಇದ್ದಾರೆ ಎಂಬುದು ಅವರ ತಲೆಗೇ ಬರುತ್ತಿರಲಿಲ್ಲ. ನನಗೆ ಅದೇ ಹೆಚ್ಚು ಸಿಟ್ಟು ತರುತ್ತಿತ್ತು.

ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಮುಸ್ಲಿಂ ಕುಟುಂಬ. ಅವರ ಹೆಂಗಸರು ಪರದೆಯಲ್ಲಿರುವವರು. ಅವರ ಮನೆಯ ವೈರಿಂಗಿಗೆ ಆ ಗುತ್ತಿಗೆದಾರ ಒಬ್ಬ ಹೆಂಗಸನ್ನು ಕಳಿಸಿದ್ದ. ಹೆಗಲಿಗೆ ಚೀಲ, ಚೀಲದಲ್ಲಿ ತಂತಿ ಕತ್ತರಿಸುವ ಪಕ್ಕಡು, ಸುತ್ತಿಗೆ, ತಂತಿಯ ಸುರುಳಿ. ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ಸೀರೆಯ ಕಚ್ಚೆ ಬಿಗಿದು ಏಣಿ ಹತ್ತಿದ್ದಳು. ನಾನು ಗೋಡೆಯ ಮೇಲಿಂದ ಬಾಯಿಬಿಟ್ಟುಕೊಂಡು ನೋಡಿದೆ. ಆಕೆಯ ಗಂಡ ವೈರ್‌ಮನ್ ಆಗಿದ್ದನಂತೆ. ಅವನ ಕಣ್ಣು ಮಂಜಾದ ಮೇಲೆ ಅವನು ಅಂಗಳದಲ್ಲಿ ಕುಳಿತು ಹೇಳುತ್ತಿದ್ದ, ಈಕೆ ಒಳಗೆ ಹೋಗಿ ಮಾಡುತ್ತಿದ್ದಳು. ಅವನು ತೀರಿಕೊಂಡ ಮೇಲೆ ಹೇಳುವವರ ಅಗತ್ಯ ಬೀಳಲಿಲ್ಲ. ಆದರೆ ವೈರಿಂಗ್ ಮಾಡಲು ಬೇಕಾದ ಸರ್ಕಾರಿ ಪರ್ಮಿಟ್ಟು ಗಂಡನದು, ಅವನ ಜೊತೆಗೇ ಹೋಯಿತು. ಹೀಗಾಗಿ ಆಕೆ ತಂತಿ ಜಗ್ಗಿದ ಮನೆಗಳ ಕಾಗದದ ಮೇಲೆ ಗುತ್ತಿಗೆದಾರ ತನ್ನ ಅಳಿಯನ ಪರ್ಮಿಟ್ ನಂಬರು ಬರೆದು ಸಹಿ ಹಾಕುತ್ತಿದ್ದ. ಆ ಅಳಿಯ ಪಕ್ಕಡು ಹಿಡಿದದ್ದನ್ನು ಯಾರೂ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಮಾವ ಇಬ್ಬರೂ ಭೂಸನೂರಿಗೆ ಬೀಗರ ಮನೆಗೆ ಹೋಗಿದ್ದರು. ನಾನು ಗೋಡೆಯ ಮೇಲಿಂದ ಆಕೆಯನ್ನು ಕರೆದು ಕೇಳಿದೆ: ಒಂದು ಸ್ವಿಚ್ಚು ಪಡಸಾಲೆಯಿಂದ ಅಡಿಗೆ ಮನೆಗೆ ತರಬಹುದೇ? ಖಾಲಾ ಬಂದಳು. ಅಡಿಗೆ ಮನೆಯ ಹೊಸ್ತಿಲ ಹತ್ತಿರ ತಾನಾಗಿಯೇ ನಿಂತುಬಿಟ್ಟಳು. ಬನ್ನಿ, ಮನೆಯಲ್ಲಿ ಯಾರೂ ಇಲ್ಲ ಎಂದೆ.

"ನಾ ಒಳಗ ಬರಂಗಿಲ್ಲ ಬೇಟಿ. ನಿಮ್ಮ ಅತ್ತಿ ಬಂದು ಕೇಳಿದ್ರ ನೀ ಸುಳ್ಳು ಹೇಳೋದು ಬ್ಯಾಡ. ನಾ ಇಲ್ಲಿ ಕುಂತು ಹೇಳ್ತೇನಿ, ನೀ ಮಾಡು."

ಮೊದಲು ಮೇನ್ ಆರಿಸಿದಳು. ಪಿಂಗಾಣಿಯ ಫ್ಯೂಜನ್ನು ಕಿತ್ತು ನನ್ನ ಕೈಗಿಟ್ಟು, ಉಡಿಯಲ್ಲಿ ಕಟ್ಟಿಕೋ ಎಂದಳು. ಬಾಗಿಣ ಕಟ್ಟಿಕೊಂಡಂತೆ ಸೆರಗಿನ ಉಡಿಯಲ್ಲಿ ಸುತ್ತಿ ಸಿಕ್ಕಿಸಿಕೊಂಡೆ. ಅದು ಆಕೆಯ ಕಟ್ಟುನಿಟ್ಟು. ತಂತಿಯ ಮೇಲೆ ಯಾರ ಕೈಯೋ, ಫ್ಯೂಜು ಅವರ ಉಡಿಯಲ್ಲೇ ಇರಬೇಕು. ಗೂಡಿನಲ್ಲಿ ಇಡಬಾರದು, ಗಂಡನ ಕೈಯಲ್ಲೂ ಕೊಡಬಾರದು. ಯಾರೋ ಬಂದು ತಿಳಿಯದೆ ಹಾಕಿದರೆ ಹೋಗುವುದು ನಿನ್ನ ಜೀವ ಎಂದಳು.

ಅಷ್ಟು ಹೊತ್ತಿಗೆ ಫ್ಯೂಜನ್ನು ತನ್ನ ಉಡಿಗೆ ತೆಗೆದುಕೊಂಡು, ಪಡಸಾಲೆಯ ಸ್ವಿಚ್ಚನ್ನು ಆಕೆಯೇ ಬಿಚ್ಚಿ, ಹಿಂದಿನ ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದು, ಟೇಪು ಸುತ್ತಿ, ಸ್ವಿಚ್ಚನ್ನು ಇದ್ದ ಹಾಗೇ ಮುಚ್ಚಿದಳು. ಅಲ್ಲಿಗೆ ಅದು ಬರೀ ಟಕ್ ಅನ್ನುವ ಗೊಂಬೆ. ಫ್ಯೂಜು ಮತ್ತೆ ನನ್ನ ಉಡಿಗೆ ಬಂತು, ಇನ್ನು ಒಳಗಿನದು ನನ್ನದು. ಬೋರ್ಡು ಎಲ್ಲಿ ಹೊಡೆಯಲಿ ಎಂದು ಕೇಳಿದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಹಾಗೆ ಮಾಡು ಎಂದಳು. ಪರಾತ ಮುಂದಿಟ್ಟುಕೊಂಡು ಕುಳಿತೆ. ಹಿಟ್ಟಿನ ಕೈ ಎತ್ತದೆ ಬಲ ಮೊಣಕೈಯನ್ನು ಗೋಡೆಗೆ ಮುಟ್ಟಿಸು ಎಂದಳು. ಮುಟ್ಟಿಸಿದೆ. ಅಲ್ಲೇ ಇದ್ದಿಲಿನಿಂದ ಗೆರೆ ಎಳೆ ಎಂದಳು.

"ಹಿಟ್ಟಿನ ಕೈಲೆ, ಒದ್ದಿ ಕೈಲೆ ಬಟನ್ ಮುಟ್ಟಬ್ಯಾಡ. ಮೊಣಕೈ ಯಾವಾಗ್ಲೂ ಒಣಗಿರ್ತದ. ಮ್ಯಾಲ ಎತ್ತರಕ್ಕ ಇಟ್ರ ಒದ್ದಿ ಕೈನೇ ಹೋಗ್ತದ, ಮೊಣಕೈ ಹೋಗಂಗಿಲ್ಲ."

ಆ ಗೆರೆಯೇ ಇದು. ಅದರ ಮೇಲೆ ನಾನು ಗೋಡೆ ಕೊರೆದು ಮರದ ಬೆಣೆ ಬಡಿದೆ, ಬೋರ್ಡು ಕೂಡಿಸಿದೆ, ಟೆಸ್ಟರಿನಿಂದ ಮೊದಲೇ ಗುರುತು ಮಾಡಿಕೊಂಡಿದ್ದ, ಕರೆಂಟು ಬರುವ ತಂತಿಯನ್ನೇ ಕಡಿದು ಸ್ವಿಚ್ಚಿಗೆ ಕಟ್ಟಿದೆ. ಎರಡು ಸಲ ತಪ್ಪು ಕಟ್ಟಿದೆ, ಎರಡು ಸಲವೂ ಹೊಸ್ತಿಲ ಆಚೆಯಿಂದ ಬೈಗುಳ ಬಂತು. ಕೊನೆಗೆ ಉಡಿಯಿಂದ ಫ್ಯೂಜು ತೆಗೆದು ಹಾಕಿ, ಒಲೆಯ ಮುಂದೆ ಕುಳಿತು ಮೊಣಕೈ ಒತ್ತಿದೆ. ದೀಪ ಹತ್ತಿತು. ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮದುವೆಯಲ್ಲಿ ಕೂಡ ಅಷ್ಟು ಅತ್ತಿರಲಿಲ್ಲ.

ಮಾರನೆಯ ದಿನ ಸಂಜೆ ಮಾವನವರು ಊಟ ಮುಗಿಸಿ, ಗಾದಿಯ ಮೇಲೆ ಕುಳಿತು ಕೈ ಚಾಚಿದರು. ಟಕ್. ದೀಪ ಉರಿಯುತ್ತಲೇ ಇತ್ತು. ಟಕ್, ಟಕ್. ನಾನು ಅತ್ತೆಯವರಿಗೆ ಪುಂಡಿಪಲ್ಯ ಬಡಿಸುತ್ತಿದ್ದೆ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಯಾರು ಬಂದಿದ್ದರು, ಎಲ್ಲಿ ಕುಳಿತಿದ್ದರು, ಯಾರ ಕೈ ಮಾಡಿತು. ಅತ್ತೆಯವರು ತಾಟು ನೋಡಿದರು, ಬೋರ್ಡು ನೋಡಿದರು. ಸ್ವಿಚ್ಚನ್ನು ಮೊದಲಿದ್ದಲ್ಲೇ ಇಡಿಸಬೇಕು ಎಂದು ಮಾವನವರು ಪಡಸಾಲೆಯಿಂದ ಕೂಗಿದಾಗ ಅವರು ಅಂದದ್ದು ಇಷ್ಟೇ: "ಇರ್ಲಿ ಬಿಡ್ರಿ. ಉಣ್ಣೋದು ಕಣ್ಣಿಗಿ ಕಾಣ್ತದ."

ಖಾಲಾಳನ್ನು ಒಳಗೆ ಬಿಡುವ ಮಾತನ್ನು ಅವರು ಆಗಲೂ ಆಡಲಿಲ್ಲ, ಸಾಯುವ ತನಕ ಆಡಲಿಲ್ಲ. ಅತ್ತೆಯವರು ಹಾಗೆಯೇ. ನಾನು ಅದನ್ನು ಮುಚ್ಚಿಡುವುದಿಲ್ಲ.

ಮಾವನವರು ಸುಮ್ಮನಿರಲಿಲ್ಲ. ಆಳಂದಕ್ಕೆ ಹೋಗಿ ಗುತ್ತಿಗೆದಾರನಿಗೆ ದೂರು ಹೇಳಿದರು. ಅವನು ಖಾಲಾಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ಪಡಸಾಲೆಯಲ್ಲಿ ಎಲ್ಲರ ಎದುರಿಗೆ, ಇವತ್ತೇ ಅದನ್ನು ಮೊದಲಿನ ಹಾಗೆ ಮಾಡು ಎಂದ. ಆಕೆ ಆಗುವುದಿಲ್ಲ ಎಂದಳು.

"ಪರ್ಮಿಟ್ ಇಲ್ಲದಾಕಿ ನೀ. ನನ್ನ ಅಳಿಯನ ನಂಬರ್ ಇಲ್ಲಂದ್ರ ನೀ ಜಗ್ಗಿದ ತಂತಿಗಿ ಕರೆಂಟೇ ಬರಂಗಿಲ್ಲ, ತಿಳೀತಿಲ್ಲೊ?" ಎಂದ ಅವನು.

"ಹಂಗಾದ್ರ ನಂದೇ ನಂಬರ್ ತಗೋತೇನ್ರಿ," ಎಂದಳು ಖಾಲಾ. ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ನಡೆದೇಬಿಟ್ಟಳು. ಅವತ್ತಿನಿಂದ ಅವನು ಆಕೆಗೆ ಕೆಲಸ ಕೊಡಲಿಲ್ಲ. ನನ್ನ ಒಂದು ಸ್ವಿಚ್ಚಿಗಾಗಿ ಆಕೆಯ ಅನ್ನಕ್ಕೆ ಕಲ್ಲು ಬಿತ್ತು. ಅದು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು.

ಪರ್ಮಿಟ್ಟಿನ ಪರೀಕ್ಷೆಗೆ ಕೂಡಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡಿದ್ದೇನೆ ಎಂಬ ಪತ್ರ ಬೇಕು. ಅಷ್ಟು ವರ್ಷ ಆಕೆಯಿಂದ ಮಾಡಿಸಿಕೊಂಡವನು ಪತ್ರ ಕೊಡಲೊಲ್ಲ. ಕೊಟ್ಟರೆ, ಪರ್ಮಿಟ್ ಇಲ್ಲದವಳಿಂದ ಕೆಲಸ ಮಾಡಿಸಿದ್ದೆ ಎಂದು ತಾನೇ ಬರೆದುಕೊಟ್ಟ ಹಾಗೆ. ಅಫಜಲಪುರದಲ್ಲಿ ಒಬ್ಬ ವಯಸ್ಸಾದ ಗುತ್ತಿಗೆದಾರರಿದ್ದರು, ಆಕೆಯ ಗಂಡನನ್ನು ಬಲ್ಲವರು. ಸುಳ್ಳು ಪತ್ರ ಬರೆಯಲಾರೆ, ಬಂದು ನನ್ನ ಕೈಕೆಳಗೆ ಸಹಾಯಕಿಯಾಗಿ ದುಡಿ, ದುಡಿದಷ್ಟು ಬರೆದುಕೊಡುತ್ತೇನೆ ಎಂದರು. ಮನೆ ಮನೆಯ ಒಳಕೋಣೆಗಳಿಗೆ ಏಕಾಂಗಿಯಾಗಿ ತಂತಿ ಜಗ್ಗಿದವಳು ಮತ್ತೆ ಮೊದಲಿನಿಂದ ಸಹಾಯಕಿಯಾದಳು. ಆಳಂದ, ಅಫಜಲಪುರ ಎಂದು ಬಸ್ಸಿನಲ್ಲಿ ಅಲೆದಳು.

ಆಕೆಗೆ ಉರ್ದು ಓದು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ನಿಯಮಗಳ ಪುಸ್ತಕವನ್ನು ನಾನು ಓದಿ ಹೇಳುತ್ತಿದ್ದೆ. ವಾರಕ್ಕೊಂದು ಮಧ್ಯಾಹ್ನ ಬರುತ್ತಿದ್ದಳು. ಆಕೆ ಹೊಸ್ತಿಲ ಆಚೆ, ನಾನು ಈಚೆ, ನಡುವೆ ಪುಸ್ತಕ. ನಾನು ಓದಿದ್ದನ್ನು ಆಕೆ ಕೈಯಿಂದ ತಿಳಿಸಿಕೊಡುತ್ತಿದ್ದಳು. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಯಾಕೆ, ಬೇಸಿಗೆಯಲ್ಲಿ ಅದಕ್ಕೆ ನೀರು ಯಾಕೆ... ಬಚ್ಚಲ ನೀರು ಹರಿಯುವ ಕಡೆಯೇ ಗುಂಡಿ ತೋಡಿಸಿದರೆ ನೀರು ಹಾಕುವ ಚಿಂತೆಯೇ ಇಲ್ಲ ಎನ್ನುತ್ತಿದ್ದಳು. ಅದು ಪುಸ್ತಕದಲ್ಲಿರಲಿಲ್ಲ. ಕ್ರಮೇಣ ನಾನೂ ಆಕೆಯ ಜೊತೆ ಕೆಲಸಕ್ಕೆ ಹೋಗತೊಡಗಿದೆ. ಅಫಜಲಪುರದ ಹಿರಿಯರು ನನ್ನ ಹೆಸರನ್ನೂ ಸಹಾಯಕರ ಪಟ್ಟಿಯಲ್ಲಿ ಬರೆದುಕೊಂಡರು. ನನ್ನ ಗಂಡ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಸ್ವಿಚ್ ಬೋರ್ಡಿನ ಎತ್ತರದ ಪುಟ ಬಂದಾಗ ಓದಿದೆ: ನೆಲದಿಂದ ಐದು ಅಡಿ. ಖಾಲಾ ಮತ್ತೆ ಓದು ಎಂದಳು. ಓದಿದೆ. ಇದನ್ನು ಬರೆದವನು ನಿಂತೇ ಇದ್ದ, ಒಲೆಯ ಮುಂದೆ ಕುಳಿತವನಲ್ಲ ಎಂದಳು. ನಾನು ನಕ್ಕು ಮುಂದಿನ ಪುಟ ತಿರುವಿದೆ.

ಪರೀಕ್ಷೆ ಕಲಬುರ್ಗಿಯಲ್ಲಿ. ಮೊದಲ ಸಲ ಆಕೆಯೊಬ್ಬಳೇ ಕುಳಿತಳು, ನಾನು ಜೊತೆಗೆ ಹೋಗಿದ್ದೆ. ಉದ್ದ ಸಾಲಿನಲ್ಲಿ ಎಲ್ಲರೂ ಗಂಡಸರು. ಎರಡು ಕಡೆಯಿಂದ ಒಂದೇ ದೀಪ ಹಚ್ಚುವ ಆರಿಸುವ ಸರ್ಕಿಟ್ಟನ್ನು ಕಟ್ಟಿ ತೋರಿಸಬೇಕಿತ್ತು. ಆಕೆ ಎಲ್ಲರಿಗಿಂತ ಮೊದಲು ಮುಗಿಸಿದಳು. ಮೇಜಿನ ಫ್ಯೂಜು ಎಲ್ಲಿ ಎಂದು ಅಲ್ಲಿನ ಸಿಬ್ಬಂದಿ ಹುಡುಕಾಡಿದರೆ, ಖಾಲಾ ಸೊಂಟದ ಉಡಿ ಬಿಚ್ಚಿ ತೆಗೆದುಕೊಟ್ಟಳು. ಸಾಲಿನವರೆಲ್ಲ ಗೊಳ್ಳೆಂದು ನಕ್ಕರು. ಪರೀಕ್ಷಕರು ನಗಲಿಲ್ಲ. ಬೆಂಗಳೂರು ಕಡೆಯವರು, ಕನ್ನಡಕದ ಮೇಲಿಂದ ಆಕೆಯನ್ನೇ ನೋಡಿ ಏನೋ ಬರೆದುಕೊಂಡರು. ನನಗೆ ಭರವಸೆ ಬಂತು.

ಆಮೇಲೆ ಬಾಯಿ ಪರೀಕ್ಷೆ. ಬಾಗಿಲು ತೆರೆದೇ ಇತ್ತು, ನಾನು ಹೊರಗೆ ನಿಂತು ಕೇಳುತ್ತಿದ್ದೆ. ಒಂದಾದ ಮೇಲೊಂದು ಸರಿಯಾಗಿ ಹೇಳಿದಳು. ಕೊನೆಗೆ ಬೋರ್ಡು ಎಷ್ಟು ಎತ್ತರಕ್ಕಿರಬೇಕು ಎಂದು ಕೇಳಿದರು.

"ಪುಸ್ತಕದಾಗ ಐದು ಅಡಿ ಅದ್ರಿ. ಖರೆ ಅಂದ್ರ ಅಡಿಗಿ ಮಾಡಾಕಿ ಮೊಣಕೈ ಎಲ್ಲಿ ಮುಟ್ತದೋ ಅಲ್ಲಿ ಇರಬೇಕ್ರಿ."

ಅವರು ತಾಳ್ಮೆಯಿಂದಲೇ ಕೇಳಿದರು. ಕೆಳಗಿದ್ದರೆ ಮಕ್ಕಳು ಮುಟ್ಟುವುದಿಲ್ಲವೇ? ಮಕ್ಕಳನ್ನು ಉರಿಯುವ ಒಲೆಯ ಹತ್ತಿರ ಬಿಡುತ್ತೇವೆಯೇ ಎಂದು ಈಕೆ ತಿರುಗಿ ಕೇಳಿದಳು. ಅವರು ಪೆನ್ನು ಎತ್ತಿಕೊಂಡರು. ನಾನು ಒಂದೇ ಉತ್ತರ ಬರೆದುಕೊಳ್ಳಬೇಕಮ್ಮ, ಯಾವುದು ಬರೆಯಲಿ ಎಂದರು. ಎರಡನೆಯದು ಬರೆದುಕೊಳ್ಳಿ ಎಂದಳು ಖಾಲಾ. ಅದನ್ನು ಬರೆದುಕೊಂಡರೆ ನಿಯಮ ಒಪ್ಪುವುದಿಲ್ಲ, ಮತ್ತೊಮ್ಮೆ ಓದಿಕೊಂಡು ಬನ್ನಿ ಎಂದು ಅವರು ಕಾಗದ ಮಡಚಿದರು.

ಮುಂದಿನ ಸಲ ಇಬ್ಬರೂ ಅರ್ಜಿ ಹಾಕಿದೆವು. ನಾನು ಬಸ್ಸಿನ ಉದ್ದಕ್ಕೂ ಬೇಡಿಕೊಂಡೆ. ಐದು ಅಡಿ ಅನ್ನಿ ಖಾಲಾ, ಒಂದೇ ಒಂದು ಮಾತು, ಹೊರಗೆ ಬಂದ ಮೇಲೆ ಹೇಗೆ ಬೇಕೋ ಹಾಗೆ ಹೊಡೆಯೋಣ, ಯಾರು ನೋಡುತ್ತಾರೆ. ಆಕೆ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕುಳಿತಿದ್ದಳು. ಅದೇ ಕೋಣೆ, ಅವರೇ ಪರೀಕ್ಷಕರು. ಮೊದಲು ಆಕೆ ಹೋದಳು. ಪ್ರಶ್ನೆಯೂ ಅದೇ, ಉತ್ತರವೂ ಅದೇ. ಹೊರಗೆ ಬಂದು ಬಾಗಿಲ ಹತ್ತಿರ ನಿಂತಳು. ಆಮೇಲೆ ನನ್ನನ್ನು ಕರೆದರು. ಎಲ್ಲ ಕೇಳಿ ಕೊನೆಗೆ ಕೇಳಿದರು, ಬೋರ್ಡು ಎಷ್ಟು ಎತ್ತರಕ್ಕೆ?

ನಾನು ಬಾಗಿಲ ಕಡೆ ನೋಡಲಿಲ್ಲ. ಐದು ಅಡಿ ಎಂದೆ.

ವಾಪಸು ಬರುವಾಗ ಖಾಲಾ ಶೇಂಗಾ ಕೊಂಡು ನನ್ನ ಉಡಿಗೆ ಸುರಿದಳು. ನೀನು ಸರಿಯಾಗಿಯೇ ಹೇಳಿದ್ದೀಯ, ಪುಸ್ತಕದಲ್ಲಿ ಅದೇ ಇದೆ ಎಂದಳು. ವ್ಯಂಗ್ಯವಿರಲಿಲ್ಲ, ಅದೇ ನನ್ನನ್ನು ಕೆಣಕಿತು. ನೀವೂ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ಬಿದ್ದೆ. ಅನ್ನದ ಪ್ರಶ್ನೆ ಅಲ್ಲವೇ, ಒಂದು ಮಾತಿಗೆ ಇಷ್ಟು ಹಟವೇ ಎಂದೆ.

"ಇಷ್ಟು ವರ್ಷ ಬ್ಯಾರೆಯವ್ರ ನಂಬರ್ ಮ್ಯಾಲ ಮಾಡೇನಿ ಬೇಟಿ. ಈಗ ನನ್ನ ನಂಬರ್ ಬೇಕಂದ್ರ, ಅದ್ರಾಗ ನಾ ಇರಬೇಕಲ್ಲ."

ನನ್ನ ಪರ್ಮಿಟ್ಟು ಅಂಚೆಯಲ್ಲಿ ಬಂತು, ಆಕೆಯದು ಬರಲಿಲ್ಲ. ಆಕೆ ಇನ್ನೊಮ್ಮೆ ಹೋದಳು, ಇನ್ನೊಮ್ಮೆ ಅದನ್ನೇ ಹೇಳಿ ಬಂದಳು. ಆಮೇಲೆ ಹೋಗಲಿಲ್ಲ. ನಾವಿಬ್ಬರೂ ಅಫಜಲಪುರದ ಹಿರಿಯರ ಕೈಕೆಳಗೆ ಹಲವು ವರ್ಷ ದುಡಿದೆವು. ನಾನು ಕಾಲಿಡದ ಮನೆಗೆ ನನ್ನ ನಂಬರು ಕೊಡಲಿಲ್ಲ, ಪ್ರತಿ ಮನೆಯಲ್ಲೂ ಜೊತೆಗೆ ನಿಂತು ಕೆಲಸ ಮಾಡಿದೆ. ಆದರೂ ತಿಳಿದೇ ಹೇಳುತ್ತೇನೆ, ಆ ಅಳಿಯನ ನಂಬರು ಇದ್ದ ಜಾಗದಲ್ಲಿ ನನ್ನ ನಂಬರು ಬಂತು, ಅಷ್ಟೇ. ಉಸ್ತಾದಿ ಆಕೆಯದು, ಕಾಗದ ನನ್ನದು. ಕಾಗದದಲ್ಲಿ ಬೋರ್ಡು ಐದು ಅಡಿ ಎಂದು ಬರೆಯುತ್ತಿದ್ದೆವು. ಅಡಿಗೆ ಮನೆಗಳಲ್ಲಿ ಮೊಣಕೈ ಎತ್ತರಕ್ಕೆ ಹೊಡೆಯುತ್ತಿದ್ದೆವು. ತಪಾಸಣೆಗೆ ಬಂದವರು ಪಡಸಾಲೆ ನೋಡಿ ಹೋಗುತ್ತಿದ್ದರು, ಒಲೆಯ ತನಕ ಯಾರೂ ಬರುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಆಕೆಯ ಮೊಣಕಾಲುಗಳು ಏಣಿಗೆ ಒಗ್ಗದಾದವು. ನೆಲೋಗಿಯಲ್ಲಿದ್ದ ಮಗಳ ಮನೆಗೆ ಹೋದಳು. ಬರುತ್ತೇನೆ ಅಂದೆ, ಹೋಗಲಿಲ್ಲ. ಮನೆ, ಮಕ್ಕಳು, ಅತ್ತೆಯವರ ಕಾಯಿಲೆ... ನೆಪಗಳಿಗೇನು ಬರ. ಖಾಲಾ ತೀರಿಕೊಂಡ ಸುದ್ದಿ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ವಾರವಾಗಿತ್ತು. ಹೋದೆ. ಮಗಳು ನನ್ನನ್ನು ಸೀದಾ ಅಡಿಗೆ ಮನೆಯ ಒಳಕ್ಕೇ ಕರೆದು ಕೂಡಿಸಿದಳು. ಯಾವ ಹೊಸ್ತಿಲಲ್ಲೂ ನಿಲ್ಲಿಸಲಿಲ್ಲ. ಬಲಗಡೆ ನೋಡಿದೆ. ಬೋರ್ಡು ಒಲೆಯ ಪಕ್ಕ, ಕುಳಿತ ಮೊಣಕೈಯ ಎತ್ತರಕ್ಕೆ ಇತ್ತು.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಎಲೆಕ್ಟ್ರಿಶಿಯನ್ ಗೋಡೆಯ ಮೇಲೆ ಐದು ಅಡಿ ಅಳೆದು ಪೆನ್ಸಿಲಿನಿಂದ ಗುರುತು ಹಾಕಿಬಿಟ್ಟಿದ್ದ. ನಾನು ಎದ್ದು ಅದನ್ನು ಹೆಬ್ಬೆರಳಿನಿಂದ ಒರೆಸಿದೆ.

"ಮತ್ತ ಎಷ್ಟು ಎತ್ತರಕ್ಕ ಕೂಡಿಸ್ಲಿ, ಹೇಳ್ರಿ ಅಮ್ಮಾ?" ಎಂದ ಆತ ಬೇಸರದಿಂದ.

ಹಳೆಯ ಗೆರೆ ಈಗ ಉಪಯೋಗಕ್ಕೆ ಬಾರದು, ಅಷ್ಟು ನನಗೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಈಗ ಕುಳಿತು ಅಡಿಗೆ ಮಾಡುವವರಿಲ್ಲ. ಸೊಸೆಯನ್ನು ಕರೆದೆ. ಗ್ಯಾಸಿನ ಕಟ್ಟೆಯ ಮುಂದೆ ನಿಂತು ಹಿಟ್ಟು ನಾದುವ ಹಾಗೆ ಮಾಡು, ಕೈ ಎತ್ತದೆ ಮೊಣಕೈ ಗೋಡೆಗೆ ಮುಟ್ಟಿಸು ಎಂದೆ. ಅವಳು ನಗುತ್ತಲೇ ಮುಟ್ಟಿಸಿದಳು. ಮನೆಯೆಲ್ಲ ಹುಡುಕಿದರೂ ಒಂದು ಚೂರು ಇದ್ದಿಲು ಸಿಗಲಿಲ್ಲ. ಆತನ ಪೆನ್ಸಿಲನ್ನೇ ಇಸಿದುಕೊಂಡು ಅಲ್ಲಿ ಗೆರೆ ಎಳೆದೆ. ಇದು ನಿಯಮದಲ್ಲಿಲ್ಲ, ನಾಳೆ ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಆತ ಗೊಣಗಿದ. ಟ್ರಂಕಿನಿಂದ ನನ್ನ ಪರ್ಮಿಟ್ಟು ತಂದು ಅವನ ಮುಂದೆ ಹಿಡಿದೆ. ಅದರ ಮೇಲಿನ ಫೋಟೋವನ್ನೂ ನನ್ನನ್ನೂ ಎರಡೆರಡು ಸಲ ನೋಡಿದ.

"ಮೊಣಕೈ ಎತ್ತರಕ್ಕ," ಎಂದೆ. "ನಾ ಹೇಳೀನಂತ ಬರ್ಕೋ."

ಕೇಳಿದ ಪ್ರಶ್ನೆಗೆ ಕೊನೆಗೂ ಆ ಉತ್ತರ ಕೊಟ್ಟೆ. ಬಾಗಿಲ ಕಡೆ ತಿರುಗಿಯೂ ನೋಡಿದೆ. ಅಲ್ಲಿ ಯಾರೂ ನಿಂತಿರಲಿಲ್ಲ.